ಅಪ್ಪನ ಮೇಜಿಗೆ ಒಂದು ಮರದ ಪಟ್ಟಿ

ಪ್ರೀತಿಯ ಅಣ್ಣ,

ಸುಖವಾಗಿ ಬಂದು ಸೇರಿ ವಾರವಾಯಿತು. ನಾನು ಕೆಲಸ ಕಲಿಯಲು ಬಂದಿರುವ ಈ ಬೈಂಡಿಂಗ್ ಅಂಗಡಿಯನ್ನು ಹನ್ನೊಂದು ಜನ ಸೇರಿ ನಡೆಸುತ್ತಾರೆ, ಯಜಮಾನ ಅಂತ ಒಬ್ಬರಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಮೈದಾ ಅಂಟಿನ ವಾಸನೆಗೆ ನಮ್ಮ ಅಂಗಡಿಯೇ ಕಣ್ಣ ಮುಂದೆ ಬಂತು. ಅಪ್ಪ ಗುನುಗುತ್ತಾ ಪುಸ್ತಕ ಹೊಲಿಯುತ್ತಿದ್ದದ್ದು, ಉಳಿದ ಕಾಗದದ ಚೂರುಗಳಲ್ಲಿ ನಮಗೆ ಬೆರಳುದ್ದದ ಪುಸ್ತಕ ಮಾಡಿಕೊಡುತ್ತಿದ್ದದ್ದು, ಎಲ್ಲ ನೆನಪಾಯಿತು. ಇಲ್ಲೂ ಚೂರು ಎಸೆಯುವುದಿಲ್ಲ, ಅಂಥವೇ ಪುಟ್ಟ ಪುಸ್ತಕ ಮಾಡಿ ಮಾರುತ್ತಾರೆ.

ರಟ್ಟು ಕತ್ತರಿಸುವ ಅಜ್ಜನ ಕೈ ಅಪ್ಪನ ಕೈಗಿಂತ ಜಾಸ್ತಿ ನಡುಗುತ್ತದೆ. ಜೊತೆಯವರು ಅವರ ಮೇಜಿಗೆ ಉದ್ದಕ್ಕೆ ಸೀಳು ಬಿಟ್ಟ ಮರದ ಪಟ್ಟಿ ಕೂರಿಸಿಕೊಟ್ಟಿದ್ದಾರೆ. ಚಾಕು ಆ ಸೀಳಿನಲ್ಲೇ ಓಡುತ್ತದೆ, ಗೆರೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ನಾನು ಬಾಯಿಬಿಟ್ಟು ನೋಡುತ್ತಿದ್ದೆ. "ಕೈ ನಡುಗತ್ತೆ ಮಗಳೇ, ಕಣ್ಣಳತೆ ನಡುಗಲ್ಲ" ಅಂದರು. ನಾವು ಮಾಡಿದ್ದೇನು? ಅಪ್ಪನ ಕೈಯಿಂದ ಚಾಕು ತೆಗೆದುಕೊಂಡು, "ಸಾಕಪ್ಪ, ಇನ್ನು ಆರಾಮಾಗಿರು" ಅಂತ ಬಾಗಿಲ ಪಕ್ಕ ಕುರ್ಚಿ ಹಾಕಿ ಕೂರಿಸಿದೆವು. ಅವತ್ತಿನಿಂದ ಅಪ್ಪ ಗುನುಗಿದ್ದು ನಾನು ಕೇಳಿಲ್ಲ.

ನನ್ನ ಕೆಮ್ಮು ವಾಸಿಯಾಗಿದೆ, ಊಟಕ್ಕೆ ತೊಂದರೆಯಿಲ್ಲ. ಪಟ್ಟಿಯ ಅಳತೆಯನ್ನು ವಿಳಾಸದ ಪಕ್ಕ ಬರೆದಿದ್ದೇನೆ, ಕಾರ್ಡ್ ತಲುಪಿದ ದಿನವೇ ಬಡಗಿಗೆ ಕೊಡು. ಅಪ್ಪನಿಗೆ ಏನೂ ಹೇಳಬೇಡ. ಪಟ್ಟಿ, ಚಾಕು, ಎರಡು ರಟ್ಟು ಮೇಜಿನ ಮೇಲಿಟ್ಟು, ಏನೋ ಕೆಲಸವಿದೆ ಅಂತ ನೀನು ಹೊರಗೆ ಹೋಗಿಬಿಡು.

ಜಾಗ ಮುಗಿಯಿತು.
ನಿನ್ನ ತಂಗಿ