ಹದಿನಾರು ಕಚ್ಚಿನ ಸೀಸೆ

ಎಲ್ಲಿದ್ದರೂ ಬಿಸಿಲು ಬೀಳುವ ಕಡೆಗೇ ಕೂತಿರುವ ನನ್ನ ಅವ್ವಾ,

ನಿನ್ನೆ ಮಧ್ಯಾಹ್ನ ದವಾಖಾನೆಯ ಬೆಂಚಿನ ಮೇಲೆ ಜೊಂಪು ಹತ್ತಿತ್ತು. ನೀನು ಬಂದೆ. ನಮ್ಮ ಹಳೆಯ ವಾಡೆಯ ಅಂಗಳದಲ್ಲಿ ನಿಂತು ಔಷಧದ ಸೀಸೆಯನ್ನು ಬಿಸಿಲಿಗೆ ಹಿಡಿದಿದ್ದೆ. ಜನ ಬಟ್ಟಲು ಒಡ್ಡುತ್ತಿದ್ದರು, ನೀನು ಹೊಯ್ಯುತ್ತಿದ್ದೆ. ಸಾಲು ವಾಡೆಯ ಬಾಗಿಲು ದಾಟಿ, ಪೇಟೆ ದಾಟಿ, ಮುಠಾ ನದಿಯ ತನಕ ಹೋಗಿತ್ತು. ಸೀಸೆ ಮಾತ್ರ ಬರಿದಾಗಲೇ ಇಲ್ಲ. ನನ್ನ ಸರದಿ ಬರುವಷ್ಟರಲ್ಲಿ ಕಾಂಪೌಂಡರ್ ಕೆಮ್ಮಿದ, ಎಚ್ಚರವಾಯಿತು. ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಹೌದು, ನಿನಗೆ ಗೊತ್ತಿಲ್ಲ. ನಾನು ದಂಡಿನ ಕ್ಯಾಂಪಿನ ದವಾಖಾನೆಯಲ್ಲಿ ನರ್ಸ್ ಆಗಿದ್ದೇನೆ. "ಶಾಂತಿ ರಕ್ತ ಕಂಡರ ಬವಳಿ ಬಂದು ಬೀಳ್ತಾಳ" ಎಂದು ನಗುತ್ತಿದ್ದೆಯಲ್ಲ, ಈಗ ಬಂದು ನೋಡಬೇಕಿತ್ತು ನೀನು.

ಆ ವರ್ಷ ಮಳೆ ನಿಂತ ಮೇಲೆ ನಿನಗೆ ಚಳಿಜ್ವರ ಬಂತು. ಧಾರವಾಡ ಬಿಟ್ಟುಬಂದ ಅಪ್ಪ ಗುಮಾಸ್ತನಾಗಿದ್ದ ಆಫೀಸಿಗೆ ತನ್ನದೇ ದವಾಖಾನೆ ಇತ್ತು. ಅದರ ಕಿಟಕಿಯಲ್ಲಿ ಮೊದಲು ಕೇಳುತ್ತಿದ್ದದ್ದು, "ಯಾರ ಮನೆಯವರು?" ಅಪ್ಪನ ಹೆಸರು ಹೇಳಿದೆವು, ಕ್ವಿನೀನಿನ ಸೀಸೆ ಸಿಕ್ಕಿತು. ಅದೇ ವಾರ ವಾಡೆಯಲ್ಲಿ ನಮ್ಮ ಕೋಣೆಗೆ ಎದುರಿನ ಖೋಲಿಯ ಗಂಗೂಕಾಕುವಿನ ಪುಟ್ಟ ಮಗಳು ಸಖೂಗೂ ಅದೇ ಜ್ವರ. ಅವಳ ಅಪ್ಪ ತಾಮ್ರದ ಹಂಡೆ ಬಡಿಯುವವನು. ಅವನ ಹೆಸರಿಗೆ ಯಾವ ಕಿಟಕಿ ತೆರೆಯುತ್ತಿತ್ತು? ಧರ್ಮದ ದವಾಖಾನೆಗೆ ಹೋದರೆ ಅಲ್ಲಿ ಔಷಧವೇ ತೀರಿಹೋಗಿತ್ತು.

ಸೀಸೆಯ ಮೈಗೆ ಅಂಟಿಸಿದ್ದ ಕಾಗದದ ಪಟ್ಟಿ ನೆನಪಿದೆಯೇ? ಅದರ ಅಂಚಿನಲ್ಲಿ ಕತ್ತರಿಸಿದ ಎಂಟು ಕಚ್ಚು, ಒಂದು ಕಚ್ಚಿಗೆ ಒಂದು ಹೊತ್ತಿನ ಔಷಧ. ನೀನು ಅದಕ್ಕೆ ನೀರು ಹಚ್ಚಿ ಕಿತ್ತೆ. ನನ್ನ ಕೈಯಿಂದ ಹದಿನಾರು ಕಚ್ಚಿನ ಹೊಸ ಪಟ್ಟಿ ಮಾಡಿಸಿದೆ, ಎಂಟು ನಿನಗೆ, ಎಂಟು ಸಖೂಗೆ.

"ಡಾಕ್ಟರು ಬೈತಾರವ್ವಾ."

"ಹಂಚಿ ಉಂಡರ ಹಸಿವಿಲ್ಲ. ಗಂಜಿ ತಾ, ಅಂಟಸೋಣು."

ರೊಟ್ಟಿ ಮುರಿದು ಕೊಟ್ಟ ಹಾಗೆ ಔಷಧವನ್ನೂ ಕೊಡಬಹುದು ಎಂದುಕೊಂಡೆ ನೀನು. ನಾನೂ ಹಾಗೇ ಅಂದುಕೊಂಡೆ. ಕಚ್ಚುಗಳು ಎಷ್ಟು ಸಮನಾಗಿ ಬಂದಿವೆ ಎಂದು ಹಿಗ್ಗಿದ್ದೆ ಕೂಡ.

ಅರ್ಧ ಔಷಧ ಸಖೂನ ಸಣ್ಣ ಮೈಗೆ ಸಾಕಾಯಿತು. ನಿನಗೆ ಸಾಕಾಗಲಿಲ್ಲ. ಗಂಗೂಕಾಕು ಬಾಗಿಲಿಗೆ ಓಡಿಬಂದು, "ಪೋರೀಚಾ ತಾಪ ಉತರಲಾ!" ಎಂದಳು. ಮಗಳ ಜ್ವರ ಇಳಿದ ಖುಷಿ ಅವಳ ಮುಖದ ತುಂಬ ಇತ್ತು. ಆ ಮುಖದ ಮೇಲೆ ನಾನು ಬಾಗಿಲು ಹಾಕಿಕೊಂಡೆ.

ಒಳಗಿಂದ ನೀನು ಕೇಳಿದೆ, "ಯಾರು ಬಂದಿದ್ರು? ಸಖೂನ ಜ್ವರ ಇಳೀತೇನು?"

"ಯಾರೂ ಇಲ್ಲ" ಎಂದೆ. ನೀನು ಮತ್ತೆ ಕೇಳಿದೆ. ನಾನು ಗೋಡೆಯ ಕಡೆ ತಿರುಗಿ ಕೂತೆ. ಮಾರನೆಯ ದಿನ ನೀನು...

ಎಷ್ಟೋ ವರ್ಷ ನಿನ್ನ ಮೇಲೆ ಸಿಟ್ಟಿತ್ತು. ಪರರಿಗೆ ಕೊಟ್ಟು ನಮ್ಮನ್ನು ಬಿಟ್ಟುಹೋದೆ ಎಂದು. ಸಾವಿರ ಸೀಸೆ ತುಂಬಿದ ಮೇಲೆ ತಿಳಿಯಿತು, ಹಂಚಿದ್ದು ತಪ್ಪಲ್ಲ ಅವ್ವಾ, ಸೀಸೆ ಸಣ್ಣದಿತ್ತು. ಅದನ್ನು ದೊಡ್ಡದು ಮಾಡುವುದು ಜ್ವರದಲ್ಲಿ ಮಲಗಿದ್ದ ನಿನ್ನ ಕೆಲಸವಾಗಿತ್ತೇ? ನಾಡು ಆಳುವವರ ಕೆಲಸವಾಗಿತ್ತು. ಸೊಳ್ಳೆ ಏನು, ಯಾರ ಮನೆಯವರು ಎಂದು ಕೇಳಿ ಕಚ್ಚುತ್ತದೆಯೇ? ಎದುರು ಖೋಲಿಯಲ್ಲಿ ಜ್ವರ ಇರುವಾಗ ನಮ್ಮ ಖೋಲಿಯೊಂದೇ ನೆಟ್ಟಗಿರಲು ಆಗುತ್ತದೆಯೇ? ದಿಲ್ಲಿಯಲ್ಲಿ ಕೂತ ದೊಡ್ಡವರ ಸಮಿತಿಯೊಂದು ಈಗ ಬರೆದಿದೆಯಂತೆ, ಕೈಯಲ್ಲಿ ದುಡ್ಡಿಲ್ಲ ಎಂದು ಯಾರಿಗೂ ಔಷಧ ತಪ್ಪಬಾರದು ಅಂತ. ಪೇಪರಿನಲ್ಲಿ ಓದಿ ನಗು ಬಂತು, ಅಳುವೂ ಬಂತು. ನೀನು ಇದನ್ನು ನನ್ನ ಕೈಗೆ ಒಂದು ಕತ್ತರಿ ಕೊಟ್ಟು ಹೇಳಿದ್ದೆ.

ಹೋದ ಸೋಮವಾರ ನಮ್ಮ ಕಿಟಕಿಗೆ ಒಬ್ಬಳು ಮಗುವನ್ನು ಎತ್ತಿಕೊಂಡು ಬಂದಳು. ನಮ್ಮಲ್ಲೂ ಮೊದಲ ಪ್ರಶ್ನೆ ಅದೇ, ಯಾರ ಮನೆಯವರು ಅಂತ. ಕೇಳಲು ಬಾಯಿ ತೆರೆದವಳು ಅವಳ ಮುಖ ನೋಡಿ ಹಾಗೇ ನಿಂತೆ. ಗಂಗೂಕಾಕುವಿನದೇ ಮುಖ. ಸಖೂ! ಕಂಕುಳಲ್ಲಿದ್ದ ಮಗುವಿನ ಮೈ ಕೆಂಡವಾಗಿತ್ತು.

ಬೆಳಗಾವಿ ಕಡೆಯ ನಮ್ಮ ಡಾಕ್ಟರು ಕೆಟ್ಟವರಲ್ಲ. "ಸಿಸ್ಟರ್, ಇವರು ನಮ್ಮ ದವಾಖಾನಿಗೆ ಸೇರಿದವರಲ್ರಿ. ಅರ್ಧ ಸೀಸೆ ಕೊಟ್ಟು ಕಳಸ್ರಿ" ಎಂದರು.

"ಅರ್ಧ ಬ್ಯಾಡ್ರಿ, ಸಾಹೇಬ್ರ. ನಮ್ಮವ್ವ ಅರ್ಧ ಕುಡದು ಸತ್ತಾಳ್ರಿ."

ಅವರು ಪೂರ್ತಿ ಸೀಸೆಗೆ ಚೀಟಿ ಬರೆದರು. ಎಂಟು ಕಚ್ಚಿನ ಪಟ್ಟಿಯನ್ನು ನಾನೇ ಅಂಟಿಸಿದೆ. ಸ್ವಲ್ಪ ಸೊಟ್ಟಗಾಯಿತು, ಅಂದಿನಷ್ಟು ಚೆಂದ ಬರಲಿಲ್ಲ. ಇನ್ನು ನಾನು ಇರುವ ತನಕ ಆ ಕಿಟಕಿಯಲ್ಲಿ ಮೊದಲು ಕೇಳುವುದು "ಏನಾಗ್ಯದ?" ಅಂತಲೇ. ಕೆಲಸ ಹೋದರೆ ಹೋಗಲಿ.

ಸಖೂಗೆ ನನ್ನ ಗುರುತು ಸಿಗಲಿಲ್ಲ. ಮುಂದಿನ ವಾರ ಖಾಲಿ ಸೀಸೆ ತರುವಾಗ ಅವಳ ತಾಯಿಯನ್ನೂ ಕರೆತರಲು ಹೇಳಿದ್ದೇನೆ. ಅಂದು ಹಾಕಿಕೊಂಡ ಬಾಗಿಲನ್ನು ತೆಗೆಯಬೇಕು. ಅದಕ್ಕೂ ಮೊದಲು ನಿನಗೆ ಹೇಳಬೇಕಾದದ್ದು ಒಂದಿದೆ. ನೀನು ಎರಡು ಸಲ ಕೇಳಿದ್ದೆ, ನಾನು ಹೇಳಿರಲಿಲ್ಲ.

ಇಳೀತವ್ವಾ. ಸಖೂನ ಜ್ವರ ಅವತ್ತೇ ಇಳದಿತ್ತು.

ನಿನ್ನ ಶಾಂತಿ