ಫ್ಲಾರೆನ್ಸಿನಲ್ಲಿ ಉಳಿದ ಕರಡಿಗೆ

ವಿಯೆನ್ನಾ
ಬುಧವಾರ, ೧೪ ಮೇ ೨೦೨೫, ಸಂಜೆ

ಪೂಜ್ಯ ಅತ್ತೆಯವರಿಗೆ ನಿಮ್ಮ ಸೊಸೆ ಬಸವೇಶ್ವರಿಯ ಶರಣು ಶರಣಾರ್ಥಿ.

ಮೊಣಕಾಲು ನೋವು ಹೇಗಿದೆ? ಮಕ್ತಲದಲ್ಲಿ ಈಗ ಬಿಸಿಲು ನೆತ್ತಿ ಸುಡುತ್ತಿರಬೇಕು. ಮಧ್ಯಾಹ್ನ ಕಟ್ಟೆಗೆ ಬಂದು ಕೂಡಬೇಡಿರಿ, ಮಜ್ಜಿಗೆ ಬಿಡಬೇಡಿರಿ. ಫೋನಿನಲ್ಲಿ ನಿಮಗೆ ಕಿವಿ ಕೇಳುವುದಿಲ್ಲ, ನಾನು ಕೂಗಿದರೆ ಈ ಹೋಟೆಲಿನವರು ಏನಾಯಿತೋ ಎಂದು ಓಡಿ ಬರುತ್ತಾರೆ. ಅದಕ್ಕೇ ಕಾಗದದ ಮೇಲೆ ಬರೆದು, ಫೋಟೋ ತೆಗೆದು ರಾಧಿಕಾಳ ಫೋನಿಗೆ ಕಳಿಸುತ್ತಿದ್ದೇನೆ. ನಿಮ್ಮ ಮೊಮ್ಮಗಳು ಓದಿದ್ದು ತೆಲುಗು ಮೀಡಿಯಂ, ಕನ್ನಡ ಅಕ್ಷರ ಅವಳಿಗೆ ಬರುವುದಿಲ್ಲ. ದೊಡ್ಡದು ಮಾಡಿ ತೋರಿಸು ಅನ್ನಿರಿ, ನೀವೇ ಓದಿಕೊಳ್ಳಿರಿ.

ಊರುಗಳೇನೋ ಚಂದ ಇವೆ. ರೋಮಿನಲ್ಲಿ ಮುರಿದ ಕಂಬ, ಬಿದ್ದ ಗೋಡೆ ನೋಡಲು ಎರಡು ತಾಸು ಸಾಲಿನಲ್ಲಿ ನಿಂತೆವು. ನಿಮ್ಮ ಮಗ ಬೆವರು ಒರೆಸಿಕೊಳ್ಳುತ್ತ, ಬಿದ್ದ ಗೋಡೆ ನೋಡುವುದಿದ್ದರೆ ಗದ್ವಾಲ ಕೋಟೆ ಹತ್ತಿರವಿತ್ತಲ್ಲ ಎಂದರು. ಮದುವೆಯಾಗಿ ಮೂವತ್ತೈದು ವರ್ಷಕ್ಕೆ ಒಮ್ಮೆ ಹೊರಗೆ ಕರೆತಂದವರ ಬಾಯಲ್ಲಿ ಬರುವ ಮಾತೇ ಇದು? ಫ್ಲಾರೆನ್ಸಿನಲ್ಲಿ ಒಬ್ಬ ಹೆಣ್ಣುಮಗಳು ನನ್ನ ನಾರಾಯಣಪೇಟೆ ಸೀರೆಯ ಸೆರಗು ಹಿಡಿದು ಏನೋ ಕೇಳಿದಳು. ಬಿಟ್ಟಾರೆಯೇ ಇವರು, ನಮ್ಮ ಸೀರೆ ಅಂಗಡಿಯ ಗದ್ದುಗೆಯ ಮೇಲೆ ಕುಳಿತವರ ಹಾಗೆ ಅಂಚು, ಚೌಕಡಿ ಎಲ್ಲ ಕೈಸನ್ನೆಯಲ್ಲೇ ವಿವರಿಸಿದರು. ಅಷ್ಟರಲ್ಲಿ ನಮ್ಮ ಗುಂಪು ಎರಡು ಓಣಿ ದಾಟಿ ಹೋಗಿತ್ತು. ಹುಡುಕಿ ಹಿಡಿಯುವಷ್ಟರಲ್ಲಿ ನನಗೆ ಜೀವ ಬಾಯಿಗೆ ಬಂದಿತ್ತು.

ಇನ್ನು ಮುಖ್ಯ ಸುದ್ದಿ. ಓದಿ ನೀವು ಗಾಬರಿಯಾಗಬೇಡಿರಿ, ನಾನೊಬ್ಬಳು ಆಗಿದ್ದೇನೆ, ಸಾಕು. ಗದ್ದಲದಲ್ಲಿ ಕೊರಳ ಸರ ಕಿತ್ತುಕೊಳ್ಳುವವರಿದ್ದಾರೆ, ಹೊಳೆಯುವುದನ್ನೆಲ್ಲ ರೂಮಿನ ಲಾಕರಿನಲ್ಲಿಡಿ ಎಂದು ನಮ್ಮನ್ನು ಕರೆದೊಯ್ಯುತ್ತಿರುವ ಟೂರಿನ ಭಾನುಪ್ರಕಾಶ ಮೊದಲೇ ಹೇಳಿದ್ದರು. ನಿನ್ನೆ ಮಂಗಳವಾರ ಬೆಳಿಗ್ಗೆ ಫ್ಲಾರೆನ್ಸಿನಲ್ಲಿ ಪೂಜೆ, ನಾಷ್ಟಾ ಮುಗಿಸಿ ದೊಡ್ಡ ಗುಮ್ಮಟ ನೋಡಲು ಹೊರಟಾಗ ನಾನು ಬಂಗಾರ ತೆಗೆದಿಟ್ಟೆ. ನನ್ನ ಲಿಂಗ ಬಟ್ಟೆಯಲ್ಲಿ ಕಟ್ಟಿದ್ದು, ಕುಪ್ಪಸದ ಒಳಗೇ ಇರುತ್ತದೆ. ಇವರ ಲಿಂಗ ಇರುವುದು ಬೆಳ್ಳಿ ಕರಡಿಗೆಯಲ್ಲಿ, ಹೊಳೆಯುತ್ತದಲ್ಲ. ಕಳ್ಳರಿಗೆ ಹೆದರಿ ಅದನ್ನು ಲಿಂಗದ ಸಮೇತ ಕೊರಳಿಂದ ತೆಗೆದು ಅಲ್ಲೇ ಇಟ್ಟರು. ಸ್ನಾನಕ್ಕೂ ತೆಗೆಯದ ಮನುಷ್ಯ. ಮಧ್ಯಾಹ್ನ ತಿರುಗಿ ಬಂದಾಗ ಬಸ್ಸು ಹೊರಟು ನಿಂತಿತ್ತು. ಅವಸರದಲ್ಲಿ ಕರಡಿಗೆಯನ್ನು ಲಾಕರಿನಲ್ಲೇ ಮರೆತು ಬಂದರು. ಎರಡು ತಾಸಿನ ದಾರಿ ಆದ ಮೇಲೆ ಗೊತ್ತಾಯಿತು. ನಲವತ್ತು ಮಂದಿಯ ಬಸ್ಸು, ತಿರುಗಿಸಲಿಲ್ಲ. ಭಾನುಪ್ರಕಾಶ ಆ ಹೋಟೆಲಿಗೆ ಫೋನು ಹಚ್ಚಿದರು. ಕರಡಿಗೆ ಸಿಕ್ಕಿದೆ, ನಾವು ಮುಂದೆ ಹೋಗುವ ಪ್ರಾಗ್ ಊರಿಗೆ ಶುಕ್ರವಾರ ಸಂಜೆ ಪಾರ್ಸಲು ಮುಟ್ಟುತ್ತದಂತೆ. ಒಳಗಿರುವುದರ ಬೆಲೆ ಎಷ್ಟು ಬರೆಸಲಿ ಎಂದು ಅವರು ಕೇಳಿದರೆ ನಿಮ್ಮ ಮಗ, "ಅದಕ್ಕ ರೇಟು ಇರಂಗಿಲ್ರೀ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು.

ಆವಾಗಿನಿಂದ ಬಾಯಿಗೆ ತುತ್ತು ಇಟ್ಟಿಲ್ಲ. ಲಿಂಗಕ್ಕೆ ತೋರಿಸದೆ ಉಣ್ಣುವುದಿಲ್ಲ ಎಂಬ ನೇಮ ನಿಮ್ಮ ಮನೆಯದು, ನಾನು ಬಲ್ಲೆ. ಆದರೆ ಇವರಿಗೆ ಸಕ್ಕರೆ ಕಾಯಿಲೆ. ಖಾಲಿ ಹೊಟ್ಟೆಗೆ ಗುಳಿಗೆ ಕೊಡಬೇಕೋ ಬಿಡಬೇಕೋ ತಿಳಿಯದೆ ಡಬ್ಬಿ ಬಚ್ಚಿಟ್ಟಿದ್ದೇನೆ. ನನ್ನ ಲಿಂಗವನ್ನೇ ಇವರ ಅಂಗೈಯಲ್ಲಿಟ್ಟು, ಪೂಜೆ ಮಾಡಿ ನಾಲ್ಕು ತುತ್ತು ಉಣ್ಣಿರಿ ಎಂದೆ. ಅದು ನಿನ್ನದು, ಅವರವರದು ಅವರವರಿಗೆ ಎಂದು ಹಣೆಗೊತ್ತಿ ತಿರುಗಿ ಕೊಟ್ಟರು. ಬರೀ ನೀರು ಕುಡಿದು ಇವತ್ತು ನಮ್ಮ ಜೊತೆ ಇಲ್ಲಿಯ ರಾಜರ ಅರಮನೆಗೂ ಬಂದರು. ಯಾರಾದರೂ ಕೇಳಿದರೆ ಉಪವಾಸ ಅನ್ನುತ್ತಾರೆ. ಮೆಟ್ಟಿಲ ನಡುವೆ ಕಂಬಿ ಹಿಡಿದು ಕುಳಿತುಬಿಟ್ಟದ್ದನ್ನು ನಾನು ಕಂಡೆ. ಆ ಮೇಲೆ ಸಾವಿರದ ನಾನೂರು ಕೋಣೆಗಳ ಅರಮನೆಯಲ್ಲಿ ನನಗೆ ಒಂದೂ ನೆನಪಿಲ್ಲ. ಕಳಿಸುವ ಮೊದಲು ಇವರು ಈ ಸಾಲು ಓದಿ ಮುಖ ಗಂಟು ಹಾಕುತ್ತಾರೆ, ಹಾಕಲಿ. ಇನ್ನೂ ಎರಡು ದಿನ ಹೇಗೆ ತೆಗೆಯಲಿ?

ಭಾವನವರಿಗೆ, ಅಕ್ಕನವರಿಗೆ ನಮ್ಮಿಬ್ಬರ ಶರಣು ತಿಳಿಸಿರಿ. ರಾಧಿಕಾಳ ಪರೀಕ್ಷೆಗೆ ನಮ್ಮ ಆಶೀರ್ವಾದ. ನೀವು ಹೊತ್ತಿಗೆ ಸರಿಯಾಗಿ ಉಂಡು ಆರಾಮಿರಿ, ನಮ್ಮ ತಲೆಯ ಮೇಲೆ ಕೈ ಇಡಿರಿ.

ನಿಮ್ಮ
ಬಸವೇಶ್ವರಿ

ತಾ.ಕ.: ಅತ್ತೀ, ಮೇಲಿನದನ್ನು ಅವರು ಓದಿ ಸರಿ ಅಂದಿದ್ದಾರೆ, ಈಗ ಸ್ನಾನಕ್ಕೆ ಹೋಗಿದ್ದಾರೆ. ಇದು ಅವರಿಗೆ ಗೊತ್ತಿಲ್ಲದೆ ಬರೆಯುತ್ತಿರುವುದು. ಮರೆತವರು ಅವರಲ್ಲ, ನಾನು. ಅವರು ಪೆಟ್ಟಿಗೆ ಹೊತ್ತು ಕೆಳಗೆ ಇಳಿದರು, ಲಾಕರು ಖಾಲಿ ಮಾಡಿಕೊಂಡು ಬಾ ಎಂದು ನನಗೆ ಹೇಳಿದರು. ನಾನು ಬಳೆ, ಸರ, ಬೆಂಡೋಲೆ ಎಲ್ಲ ತಂದೆ. ಲಿಂಗ ಬಿಟ್ಟು ಬಂದೆ. ಬಸ್ಸಿನಲ್ಲಿ ಕರಡಿಗೆ ಕೊಡು ಎಂದು ಕೈ ಚಾಚಿದಾಗ ನನ್ನ ಮುಖ ನೋಡಿಯೇ ತಿಳಿದುಕೊಂಡರು, ಒಂದು ಮಾತು ಬೈಯಲಿಲ್ಲ. "ಅವ್ವಗ ನಾನ ಮರ್ತೀನಿ ಅಂತ ಬರಿ. ನಿನ್ನ ಹೆಸರು ತರಬ್ಯಾಡ, ಆಕಿ ಮನಸಿನ್ಯಾಗ ಉಳೀತೈತಿ" ಅಂದರು. ಉಳಿಯಲಿ ಅತ್ತೀ. ನನ್ನನ್ನು ಬೈಯಿರಿ, ಬಂದ ಮೇಲೆ ಹೊಸ್ತಿಲು ದಾಟಬೇಡ ಅನ್ನಿರಿ, ಕೇಳುತ್ತೇನೆ. ನನ್ನ ಮಾತು ಅವರು ಕೇಳುತ್ತಿಲ್ಲ, ನಿಮ್ಮದನ್ನು ಮೀರುವುದಿಲ್ಲ. ಅವರು ಹೊಟ್ಟೆಯಲ್ಲಿದ್ದು ನೀವು ಎಂಟು ತಿಂಗಳ ಬಸುರಿಯಾಗಿದ್ದಾಗ ಆ ಲಿಂಗವನ್ನು ಮಠದ ಅಯ್ಯನವರು ಮೊದಲು ಕಟ್ಟಿದ್ದು ನಿಮ್ಮ ಕೊರಳಿಗೆ, ಹುಟ್ಟಿದ ಮೇಲೆ ಅವರ ಕೊರಳಿಗೆ ಬಂತು. ಅಪ್ಪಣೆ ಕೊಡುವ ಅಧಿಕಾರ ನಿಮ್ಮದು. ನಿಮಗೆ ಕೇಳದಿದ್ದರೇನು, ಮಾತಾಡಲು ಬರುತ್ತದಲ್ಲ. ರಾಧಿಕಾಳ ಫೋನಿನಲ್ಲಿ ನಿಮ್ಮ ದನಿ ತುಂಬಿ ಈಗಲೇ ಕಳಿಸಿರಿ. ನೀರಿನ ಸದ್ದು ನಿಂತಿತು, ಬರುತ್ತಿದ್ದಾರೆ. ಉಣ್ಣು ಮಗಾ ಅಂತ ಒಂದು ಸಲ ಅನ್ನಿರಿ.