ರೇಮಂಡ್ ಎಂಬ ಹೆಸರಿನ ಉಳಿದರ್ಧ

ದುಬೈ ಸಿಲಿಕಾನ್ ಓಯಸಿಸ್
14 ನವೆಂಬರ್ 2015

ಪ್ರೀತಿಯ ರೇಮಂಡಣ್ಣನಿಗೆ,

ಎಲ್ಸಿಯ ವಂದನೆ. ಅಬುಧಾಬಿಯಲ್ಲಿ ಅತ್ತಿಗೆ, ಮಕ್ಕಳು ಸೌಖ್ಯವೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಕ್ಷಮಿಸು. ಇಷ್ಟು ಹತ್ತಿರವಿದ್ದೂ ಫೋನ್ ಎತ್ತದೆ ಕಾಗದ ಬರೆಯುತ್ತಾಳಲ್ಲ ಎಂದು ನಿನಗೆ ನಗು ಬರಬಹುದು.

ಹೋದ ತಿಂಗಳು ಜೆಬೆಲ್ ಅಲಿ ಇಗರ್ಜಿಯಲ್ಲಿ ಮಗುವಿನ ದೀಕ್ಷಾಸ್ನಾನವಾಯಿತು. ನಿನ್ನನ್ನು ಕರೆಯಲಿಲ್ಲ. ಗಂಡಾದರೆ ನೀನೇ ಗಾಡ್‌ಫಾದರ್, ನಿನ್ನದೇ ಹೆಸರು ಎಂದು ಮಾತು ಕೊಟ್ಟವಳು ನಾನು. ಹೆಸರು ಯಾಕೆ ಬದಲಾಯ್ತು ಎಂದು ಮೆಸೇಜ್ ಹಾಕಿದ್ದೀಯಲ್ಲ, ಹೇಳುತ್ತೇನೆ.

ನಮ್ಮ ಆಫೀಸಿನಲ್ಲಿ ಗೆರ್ಟ್ರೂಡ್ ಎಂಬ ಜರ್ಮನ್ ಹೆಂಗಸಿದ್ದಾಳೆ. ನೀವು ಮಂಗಳೂರಿನವರು ನಮ್ಮ ಮುತ್ತಜ್ಜಂದಿರ ಹೆಸರಿಟ್ಟುಕೊಂಡು ತಿರುಗುತ್ತೀರಿ ಎಂದು ನಗುತ್ತಾಳೆ. ಅವಳ ಹೆಸರಿನಲ್ಲಿ ಭರ್ಜಿಯೂ ಬಲವೂ ಇವೆಯಂತೆ. ಹ್ಯೂಬರ್ಟ್ ಎಂದರೆ ಬುದ್ಧಿಯಲ್ಲಿ ಬೆಳಗುವವನು. ನನ್ನ ಗಂಡನಿಗೆ ಆ ಅರ್ಥ! ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ರೇಮಂಡ್‌ನಲ್ಲಿ ಮೊದಲರ್ಧ ಸಲಹೆ, ಉಳಿದರ್ಧ ರಕ್ಷಣೆ. ಹಳಬರು ಅಪ್ಪನ ಕಡೆಯ ಹೆಸರಿನದೊಂದು ತುಂಡು, ಅಮ್ಮನ ಕಡೆಯದೊಂದು ತುಂಡು ಜೋಡಿಸಿಬಿಡುತ್ತಿದ್ದರು, ಅದರಲ್ಲಿ ಅರ್ಥ ಹುಡುಕಬೇಡ ಎಂದಳು. ನಾನು ಹುಡುಕಿದೆ, ಅಣ್ಣ.

ಏಪ್ರಿಲ್‌ನಲ್ಲಿ ಹ್ಯೂಬರ್ಟ್‌ನ ಏಟು ತಾಳಲಾರದೆ, ಐದು ತಿಂಗಳ ಬಸುರಿ, ಸೂಟ್‌ಕೇಸ್ ಎಳೆದುಕೊಂಡು ಬಸ್ಸಿನಲ್ಲಿ ನಿನ್ನ ಮನೆಗೆ ಬಂದೆ. ನೀನು ಮೀನುಗಸಿ ಬಡಿಸಿದೆ. "ಸ್ವಲ್ಪ ಅಡ್ಜಸ್ಟ್ ಮಾಡ್ಬೇಕು ಮಾರಾಯ್ತಿ. ಕುಡಿದಾಗ ಮಾತ್ರ ಅಲ್ವಾ? ಮಗು ಆದ್ಮೇಲೆ ಎಲ್ಲ ಸರಿ ಆಗ್ತದೆ. ಊರಲ್ಲಿ ಗೊತ್ತಾದ್ರೆ ಮರ್ಯಾದೆ ಖಲಾಸ್" ಎಂದೆ. ನಾನು ಮಲಗಿ ಎದ್ದಾಗ ಅವನು ನಿನ್ನ ಸೋಫಾದಲ್ಲಿ ಕೂತಿದ್ದ. ಕರೆಸಿದವನು ನೀನು. ಸೂಟ್‌ಕೇಸನ್ನು ಅವನ ಕಾರಿನಲ್ಲಿಟ್ಟವನೂ ನೀನೇ.

ನಿನ್ನ ಹೆಸರಿನ ಮೊದಲರ್ಧ ನನಗೆ ಬೇಕಾದಷ್ಟು ಸಿಕ್ಕಿತು. ಅದನ್ನು ಮಗನಿಗೆ ದಾಟಿಸಲು ಮನಸ್ಸಾಗಲಿಲ್ಲ. ಜೂನ್‌ನಲ್ಲಿ ನಾನಾಗಿಯೇ ಹ್ಯೂಬರ್ಟ್‌ನ ಮನೆ ಬಿಟ್ಟು ಇಲ್ಲೊಂದು ರೂಮು ಹಿಡಿದೆ. ನೋವು ಬಂದಾಗ ಆಸ್ಪತ್ರೆಗೆ ಒಯ್ದು, ಮಗು ಹುಟ್ಟುವವರೆಗೂ ಹೊರಗೆ ಕಾದವರು ಪಕ್ಕದ ಫ್ಲ್ಯಾಟಿನ ಫಿಡೆಲಿಸ್ ಅಂಕಲ್. ಮಗುವಿನ ಹೆಸರು ಫಿಡೆಲಿಸ್. ಅದರ ಅರ್ಥವನ್ನು ನಾನು ಯಾರಲ್ಲೂ ಕೇಳಿಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು. ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ. ನಿನ್ನ ಮಗಳಿಗೆ ಸೂಟ್‌ಕೇಸ್ ಎಳೆದುಕೊಂಡು ಬರುವ ದಿನ ಎಂದೂ ಬಾರದಿರಲಿ.

ನಿನ್ನ ತಂಗಿ,
ಎಲ್ಸಿ

ತಾ.ಕ.: ಫೋನ್ ಯಾಕೆ ಎತ್ತುವುದಿಲ್ಲ ಎಂದೂ ಕೇಳಿದ್ದೀ. ಅಂದು ನಿನ್ನಲ್ಲಿಂದ ಹೊರಟ ಕಾರು ಡಿಸ್ಕವರಿ ಗಾರ್ಡನ್ಸ್‌ನ ಅವನ ಮನೆ ಮುಟ್ಟುವ ಮೊದಲೇ ಹ್ಯೂಬರ್ಟ್ ಹೊಡೆದ. ಎಡಗಿವಿ ಹೋಯಿತು. ಇನ್ನು ಬರುವುದಿಲ್ಲ ಎಂದಿದ್ದಾರೆ ಡಾಕ್ಟರ್. ಉಳಿದ ಒಂದು ಕಿವಿಯನ್ನು ಮಗುವಿನ ಅಳು ಕೇಳಲು ಇಟ್ಟುಕೊಂಡಿದ್ದೇನೆ.